ಫ್ರಿಡ್ಜ್ ತಣ್ಣಗಾಗುತ್ತಿಲ್ಲವೇ? ‘ಗ್ಯಾಸ್ ಹೋಗಿದೆ’ ಎನ್ನುವ ಮುನ್ನ ನೋಡಬೇಕಾದದ್ದು

ರಾತ್ರಿ ಕಾಯಿಸಿಟ್ಟ ಹಾಲು ಬೆಳಿಗ್ಗೆ ಒಡೆದಿರುತ್ತದೆ. ದೋಸೆ ಹಿಟ್ಟು ಡಬ್ಬದ ಮುಚ್ಚಳವನ್ನು ತಳ್ಳಿಕೊಂಡು ಉಕ್ಕಿರುತ್ತದೆ. ಕೊತ್ತಂಬರಿ ಸೊಪ್ಪು ಎರಡೇ ದಿನಕ್ಕೆ ಕೊಳೆಯುತ್ತದೆ. ಇಷ್ಟಾದರೆ ಸಾಕು, ಮನೆಯಲ್ಲೂ ಪಕ್ಕದ ಮನೆಯಲ್ಲೂ ಕೇಳುವ ಮಾತು ಒಂದೇ: ‘ಗ್ಯಾಸ್ ಹೋಗಿರಬೇಕು, ತುಂಬಿಸಿ.’

ಫ್ರಿಡ್ಜ್‌ನ ಗ್ಯಾಸ್ ಅಡುಗೆ ಸಿಲಿಂಡರ್‌ನ ಗ್ಯಾಸ್‌ನಂತೆ ಬಳಸಿದಷ್ಟೂ ಖಾಲಿಯಾಗುವುದಿಲ್ಲ. ಬೆಸುಗೆ ಹಾಕಿ ಮುಚ್ಚಿದ ಕೊಳವೆಗಳೊಳಗೆ ಅದೇ ಗ್ಯಾಸನ್ನು ಕಂಪ್ರೆಸರ್ ಎಂಬ ಮೋಟಾರು ವರ್ಷಗಟ್ಟಲೆ ಸುತ್ತಿಸುತ್ತಿರುತ್ತದೆ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ ಎಂದರ್ಥ. ಹಾಗೆ ಸೋರುವುದು ಉಂಟು, ಆದರೆ ತಣ್ಣಗಾಗದಿರಲು ಅದಕ್ಕಿಂತ ಸಣ್ಣ ಕಾರಣಗಳು ಬಹಳ ಇವೆ. ಸವೆದ ಬಾಗಿಲ ರಬ್ಬರ್, ನಿಂತ ಫ್ಯಾನ್, ಕಂಪ್ರೆಸರನ್ನು ಏಳಿಸುವ ರಿಲೇ ಕೆಟ್ಟಿರುವುದು, ಕಟ್ಟಿಕೊಂಡ ಐಸ್, ಲೋ ವೋಲ್ಟೇಜ್, ಇವುಗಳಲ್ಲಿ ಯಾವುದಾದರೂ ಒಂದು ಸಾಕು. ಆದ್ದರಿಂದ ಗ್ಯಾಸ್‌ನ ಮಾತು ಕೊನೆಗೆ ಬರಬೇಕು. ಇಲ್ಲಿರುವ ಕ್ರಮವೂ ಅದೇ: ಬಿಚ್ಚದೆ ನೋಡಬಹುದಾದದ್ದು ಮೊದಲು, ಬಿಚ್ಚಿ ನೋಡಬೇಕಾದದ್ದು ಆಮೇಲೆ, ಮೆಕ್ಯಾನಿಕ್‌ನ ಕೆಲಸ ಕೊನೆಗೆ.

ಮೊದಲು ಅಳೆಯಿರಿ

ಕೈಯಿಟ್ಟು ‘ತಂಪಿಲ್ಲ’ ಎನ್ನುವುದನ್ನು ನಂಬಬೇಡಿ. ಒಂದು ಲೋಟ ನೀರನ್ನು ಮಧ್ಯದ ತಟ್ಟೆಯಲ್ಲಿಟ್ಟು, ಅದರೊಳಗೆ ಅಡುಗೆಗೆ ಬಳಸುವ ಸಣ್ಣ ಡಿಜಿಟಲ್ ಥರ್ಮಾಮೀಟರ್ ಇಳಿಸಿ, ರಾತ್ರಿಯಿಡೀ ಬಿಡಿ. ಗಾಳಿಯ ತಾಪ ಬಾಗಿಲು ತೆಗೆದ ಕ್ಷಣವೇ ಏರುತ್ತದೆ, ನೀರಿನದು ಹಾಗೆ ಏರುವುದಿಲ್ಲ. ಬೆಳಿಗ್ಗೆ ಯಾರೂ ಬಾಗಿಲು ತೆಗೆಯುವ ಮುನ್ನ ನೋಡಿದರೆ 3ರಿಂದ 5 ಡಿಗ್ರಿ ಸೆಲ್ಸಿಯಸ್ ಇರಬೇಕು. 8 ಡಿಗ್ರಿ ದಾಟಿದ್ದರೆ ತೊಂದರೆ ಇರುವುದು ಖಚಿತ. ಫ್ರಾಸ್ಟ್ ಫ್ರೀ (ಬಹುತೇಕ ಡಬಲ್ ಡೋರ್) ಫ್ರಿಡ್ಜ್‌ನ ಫ್ರೀಜರ್‌ನಲ್ಲಿ ಮೈನಸ್ 18ರ ಆಸುಪಾಸು ಇರಬೇಕು.

ಇದೇ ಹೊತ್ತಿಗೆ ಆಹಾರದ ಗತಿಯನ್ನೂ ನಿರ್ಧರಿಸಿ. ಬಾಗಿಲು ಮುಚ್ಚಿಯೇ ಇದ್ದರೆ ಕೆಳಗಿನ ಭಾಗ ಸುಮಾರು 4 ಗಂಟೆ ತಂಪು ಹಿಡಿಯುತ್ತದೆ. ತಂಪು ಕೊಡುವುದು ನಿಂತು ಅದಕ್ಕಿಂತ ಹೆಚ್ಚು ಹೊತ್ತಾಗಿದ್ದರೆ ಮೀನು, ಮಾಂಸ, ಹಾಲು, ಬೇಯಿಸಿದ ಅನ್ನ, ತೆಂಗಿನಕಾಯಿ ಹಾಕಿದ ಪಲ್ಯ ಇವನ್ನು ಮೂಸಿ ನೋಡಿ ಉಳಿಸಿಕೊಳ್ಳಬೇಡಿ, ಎಸೆಯಿರಿ. ಕೆಟ್ಟ ವಾಸನೆ ಬರದ ಆಹಾರವೂ ವಿಷವಾಗಿರಬಹುದು.

ನಿಮ್ಮದು ಯಾವ ಬಗೆ?

ಇದು ತಿಳಿಯದೆ ಮುಂದೆ ಹೋದರೆ ಎಲ್ಲವೂ ತಪ್ಪುತ್ತದೆ. ಸಿಂಗಲ್ ಡೋರ್ ಫ್ರಿಡ್ಜ್‌ಗಳು ಬಹುತೇಕ ಡೈರೆಕ್ಟ್ ಕೂಲ್. ಮೇಲಿನ ಅಲ್ಯೂಮಿನಿಯಂ ಪೆಟ್ಟಿಗೆಯೇ ತಂಪು ಕೊಡುತ್ತದೆ, ಅದರ ಮೇಲೆ ಐಸ್ ಕಟ್ಟುತ್ತದೆ, ಫ್ಯಾನ್ ಇರುವುದಿಲ್ಲ. ಡಬಲ್ ಡೋರ್‌ಗಳು ಬಹುತೇಕ ಫ್ರಾಸ್ಟ್ ಫ್ರೀ. ತಂಪಿನ ಕಾಯಿಲ್ ಫ್ರೀಜರ್‌ನ ಹಿಂಬದಿಯ ಪ್ಲಾಸ್ಟಿಕ್ ಹಲಗೆಯ ಒಳಗೆ ಅಡಗಿರುತ್ತದೆ, ಅಲ್ಲಿನ ಫ್ಯಾನ್ ತಂಪು ಗಾಳಿಯನ್ನು ಮೇಲೂ ಕೆಳಗೂ ಹಂಚುತ್ತದೆ. ಮೊದಲನೆಯದರ ಕಾಯಿಲೆ ಕಣ್ಣಿಗೆ ಕಾಣುತ್ತದೆ. ಎರಡನೆಯದರದ್ದು ಹಲಗೆಯ ಹಿಂದೆ ಇರುತ್ತದೆ.

ಬಿಚ್ಚದೆ ನೋಡುವುದು

1. ಕರೆಂಟ್. ಒಳಗಿನ ದೀಪ ಉರಿದರೆ ಕರೆಂಟ್ ಸರಿಯಿದೆ ಎಂದಲ್ಲ. ದೀಪ 150 ವೋಲ್ಟ್‌ನಲ್ಲೂ ಉರಿಯುತ್ತದೆ, ಹಳೆಯ ಬಗೆಯ ಕಂಪ್ರೆಸರ್ ಮಾತ್ರ ಎದ್ದು ನಿಲ್ಲುವುದಿಲ್ಲ. ಹಳ್ಳಿಗಳಲ್ಲಿ ಪಂಪ್‌ಸೆಟ್‌ಗಳಿಗೆ ತ್ರೀ ಫೇಸ್ ಕೊಟ್ಟ ಹೊತ್ತಿನಲ್ಲಿ ಮನೆಯ ವೋಲ್ಟೇಜ್ ಬಿದ್ದು, ಫ್ರಿಡ್ಜ್ ಆ ಹೊತ್ತಿಗಷ್ಟೇ ಕೈಕೊಡುವುದುಂಟು. ಮಲ್ಟಿಮೀಟರ್‌ನಿಂದ ಸಾಕೆಟ್‌ನಲ್ಲಿ ಅಳೆಯಿರಿ, 230ರ ಆಸುಪಾಸು ಇರಬೇಕು. ಫ್ರಿಡ್ಜ್ ಶುರುವಾಗುವ ಕ್ಷಣದಲ್ಲೂ ಅಳೆಯಿರಿ. ಆಗ ಸಂಖ್ಯೆ ಧೊಪ್ಪನೆ ಬಿದ್ದರೆ ವೈರಿಂಗ್ ಅಥವಾ ಸಾಕೆಟ್ ಸಡಿಲವಾಗಿದೆ. ಪ್ಲಗ್ಗಿನ ಕಾಲು ಕಪ್ಪಾಗಿದ್ದರೂ ಅದೇ ಸೂಚನೆ. ಎಕ್ಸ್‌ಟೆನ್ಷನ್ ಬಾಕ್ಸ್‌ನಲ್ಲಿ ಫ್ರಿಡ್ಜ್ ಹಾಕಲೇಬೇಡಿ. ‘ಸ್ಟೆಬಿಲೈಜರ್ ಬೇಡ’ ಎಂದು ಬರೆದ ಫ್ರಿಡ್ಜ್‌ಗೂ ಒಂದು ಮಿತಿ ಇರುತ್ತದೆ. ಅದರ ಕೈಪಿಡಿಯಲ್ಲಿರುವ ವೋಲ್ಟೇಜ್ ಮಿತಿಯ ಕೆಳಗೆ ನಿಮ್ಮೂರಿನ ಕರೆಂಟ್ ಹೋಗುತ್ತಿದ್ದರೆ ಸ್ಟೆಬಿಲೈಜರ್ ಬೇಕೇ ಬೇಕು.

2. ತಂಪು ಹೊಂದಿಸುವ ಗುಬುಟು (ನಾಬ್). ಸಾಮಾನ್ಯವಾಗಿ ಸಂಖ್ಯೆ ಹೆಚ್ಚಿದಷ್ಟೂ ತಂಪು ಹೆಚ್ಚು. ಡಬಲ್ ಡೋರ್ ಇದ್ದವರು ಇಲ್ಲಿ ನಿಂತು ಯೋಚಿಸಬೇಕು. ಹಲವು ಮಾದರಿಗಳಲ್ಲಿ ಫ್ರೀಜರ್ ಒಳಗಿನ ಗುಬುಟು ನಿಜಕ್ಕೂ ತಂಪನ್ನು ಹೆಚ್ಚಿಸುವುದಿಲ್ಲ, ಕೆಳಗೆ ಹೋಗುವ ಗಾಳಿಯ ಕಿಂಡಿಯನ್ನು ಮುಚ್ಚುತ್ತದೆ. ಐಸ್ ಬೇಗ ಆಗಲೆಂದು ಅದನ್ನು ಕೊನೆಗೆ ತಿರುಗಿಸಿಟ್ಟರೆ ಮೇಲೆ ಕಲ್ಲಿನಂಥ ಐಸ್, ಕೆಳಗೆ ಒಡೆದ ಹಾಲು. ಅದನ್ನು ಮಧ್ಯಕ್ಕೆ ತಂದು ಒಂದು ದಿನ ನೋಡಿ. ಇಷ್ಟರಲ್ಲೇ ಸರಿಹೋಗುವ ಫ್ರಿಡ್ಜ್‌ಗಳು ಸಾಕಷ್ಟಿವೆ.

3. ತುಂಬಿದ ರೀತಿ. ಹಬ್ಬದ ಮಾರನೇ ದಿನ ಉಳಿದ ಹುಳಿ, ಪಾಯಸ, ಹೋಳಿಗೆ ಎಲ್ಲವೂ ಪಾತ್ರೆ ಸಮೇತ ಒಳಗೆ ಹೋಗಿರುತ್ತವೆ. ಹಿಂಬದಿಯ ಗಾಳಿ ಕಿಂಡಿಗೆ ಪಾತ್ರೆ ಅಥವಾ ಪ್ಲಾಸ್ಟಿಕ್ ಚೀಲ ಒತ್ತಿಕೊಂಡರೆ ಗಾಳಿ ನಿಂತಿತು. ಕಿಂಡಿಯ ಮುಂದೆ ನಾಲ್ಕು ಬೆರಳು ಜಾಗ ಬಿಡಿ. ಡೈರೆಕ್ಟ್ ಕೂಲ್‌ನಲ್ಲಿ ತಟ್ಟೆಗಳ ಮೇಲೆ ಪೇಪರ್ ಅಥವಾ ಪ್ಲಾಸ್ಟಿಕ್ ಹಾಳೆ ಹಾಸುವ ಅಭ್ಯಾಸವೂ ಕೆಟ್ಟದ್ದು. ಅಲ್ಲಿ ತಂಪು ಇಳಿಯುವುದು ಜಾಲರಿಯ ಸಂದಿಯಿಂದಲೇ. ಮುಚ್ಚಳವಿಲ್ಲದ ಸಾರು, ಹಸಿ ಸೊಪ್ಪು ಬಿಡುವ ತೇವವೆಲ್ಲ ಕೊನೆಗೆ ಐಸ್ ಆಗಿ ಕೂರುತ್ತದೆ.

4. ಇಟ್ಟ ಜಾಗ. ಒಳಗಿನ ಬಿಸಿಯನ್ನು ಫ್ರಿಡ್ಜ್ ಹೊರಗೆ ಬಿಡಬೇಕು. ಹಿಂದೆ 10 ಸೆಂಟಿಮೀಟರ್, ಅಕ್ಕಪಕ್ಕ 5 ಸೆಂಟಿಮೀಟರಾದರೂ ಜಾಗ ಬೇಕು. ಹಿಂದೆ ಕಪ್ಪು ಜಾಲರಿ ಕಾಣುವ ಹಳೆಯ ಫ್ರಿಡ್ಜ್ ಆದರೆ ಪ್ಲಗ್ ತೆಗೆದು ಮೆತ್ತನೆಯ ಬ್ರಷ್‌ನಿಂದ ಧೂಳು ತೆಗೆಯಿರಿ. ಹೊಸ ಮಾದರಿಗಳಲ್ಲಿ ಆ ಕೊಳವೆ ಪಕ್ಕದ ಗೋಡೆಯೊಳಗೇ ಇರುವುದರಿಂದ ಪಕ್ಕ ಮುಟ್ಟಿದರೆ ಬೆಚ್ಚಗಿರುತ್ತದೆ. ಅದು ದೋಷವಲ್ಲ. ಹೊದಿಸಿದ ಕಸೂತಿ ಬಟ್ಟೆ ಪಕ್ಕಕ್ಕೆ ಇಳಿಬಿದ್ದಿದ್ದರೆ ಮಾತ್ರ ತೆಗೆಯಿರಿ. ಫ್ರಿಡ್ಜ್ ಮೇಲೆ ಅಂಟಿಸಿದ ವಿವರದ ಚೀಟಿಯಲ್ಲಿ ಹವಾಮಾನ ವರ್ಗವನ್ನೂ ಬರೆದಿರುತ್ತಾರೆ: ‘ಎನ್’ ಇದ್ದರೆ 32 ಡಿಗ್ರಿವರೆಗಿನ ಕೋಣೆಗೆ, ‘ಎಸ್‌ಟಿ’ 38ರವರೆಗೆ, ‘ಟಿ’ 43ರವರೆಗೆ. ರಾಯಚೂರು, ಕಲಬುರಗಿಯ ಬೇಸಿಗೆಗೆ ‘ಟಿ’ ಇರುವ ಫ್ರಿಡ್ಜ್ ಬೇಕು. ಅಲ್ಲಿ ಒಲೆಯ ಪಕ್ಕ ಫ್ರಿಡ್ಜ್ ಇಟ್ಟರೆ ಮೇ ತಿಂಗಳಲ್ಲಿ ಅದು ಸೋಲುತ್ತದೆ.

5. ಬಾಗಿಲ ರಬ್ಬರ್. ಹತ್ತು ರೂಪಾಯಿ ನೋಟನ್ನು ಬಾಗಿಲ ಸಂದಿಗಿಟ್ಟು ಮುಚ್ಚಿ ಎಳೆಯಿರಿ. ಬಿಗಿತ ಕೈಗೆ ತಿಳಿಯಬೇಕು. ಸುಮ್ಮನೆ ಜಾರಿ ಬಂದರೆ ಅಲ್ಲಿ ಗಾಳಿ ನುಗ್ಗುತ್ತಿದೆ. ನಾಲ್ಕೂ ಬದಿ ನೋಡಿ, ಹಿಂಜಿನ ಬದಿಯ ಕೆಳ ಮೂಲೆಯನ್ನು ತಪ್ಪಿಸಬೇಡಿ. ಮಡಿಕೆಗಳಲ್ಲಿ ಕೂತ ಕಪ್ಪು ಕೊಳೆಯನ್ನು ಸೋಪಿನ ಉಗುರುಬೆಚ್ಚಗಿನ ನೀರಿನಿಂದ ತೊಳೆದರೇ ಎಷ್ಟೋ ಸಲ ಹಿಡಿತ ಮರಳುತ್ತದೆ. ಸೊಟ್ಟಗಾಗಿದ್ದರೆ ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಅದರ ಮೇಲೆ ಎರಡು ಮೂರು ನಿಮಿಷ ಒತ್ತಿ, ಬೆರಳಿನಿಂದ ತಿದ್ದಿ, ಬಾಗಿಲು ಮುಚ್ಚಿಡಿ. ಸೀಳಿದ್ದರೆ ಬದಲಿಸಲೇಬೇಕು. ಕೊಳ್ಳುವಾಗ ಮಾದರಿ ಸಂಖ್ಯೆ ಹೇಳಿ. ಅಳತೆ ಒಂದೇ ಇದ್ದರೂ ಹಿಂಬದಿಯ ತೋಡಿಗೆ ಕೂರುವ ಅಂಚು ಬೇರೆಯಾಗಿರುತ್ತದೆ.

ಕಂಪ್ರೆಸರ್‌ಗೆ ಕಿವಿಗೊಡಿ

ಗುಬುಟನ್ನು ಪೂರ್ತಿ ತಂಪಿಗೆ ತಿರುಗಿಸಿ, ಹಿಂದೆ ಕೆಳಗೆ ಕಿವಿ ಇಟ್ಟು ಹತ್ತು ನಿಮಿಷ ಕಾಯಿರಿ.

ಸದ್ದೇ ಇಲ್ಲದಿದ್ದರೆ: ಥರ್ಮೋಸ್ಟಾಟ್ (ತಾಪ ನೋಡಿ ಕಂಪ್ರೆಸರನ್ನು ಆನ್ ಆಫ್ ಮಾಡುವ ಭಾಗ), ವೈರ್ ಅಥವಾ ಎಲೆಕ್ಟ್ರಾನಿಕ್ ಬೋರ್ಡ್. ಗುಬುಟಿನ ಥರ್ಮೋಸ್ಟಾಟ್ ಆದರೆ ಪ್ಲಗ್ ತೆಗೆದು ಅದರ ಎರಡು ತಂತಿ ಕಳಚಿ, ಗುಬುಟು ಪೂರ್ತಿ ತಂಪಿಗಿಟ್ಟು, ಮಲ್ಟಿಮೀಟರನ್ನು ಕಂಟಿನ್ಯುಯಿಟಿಗೆ (ದಾರಿ ಕೂಡಿದ್ದರೆ ಸದ್ದು ಮಾಡುವ ಅಳತೆಗೆ) ತಿರುಗಿಸಿ ನೋಡಿ. ಒಳಗೆ ಬೆಚ್ಚಗಿರುವಾಗ ಅದು ‘ಬೀಪ್’ ಎನ್ನಬೇಕು. ಎನ್ನದಿದ್ದರೆ ಬದಲಿಸಿ, ಇದು ದುಬಾರಿ ಭಾಗವಲ್ಲ. ಅದರ ತೆಳು ತಾಮ್ರದ ಬಾಲ ಐಸ್ ಪೆಟ್ಟಿಗೆಯ ಕ್ಲಿಪ್‌ನಿಂದ ಕಳಚಿಕೊಂಡಿದೆಯೇ ಎಂದೂ ನೋಡಿ.

‘ಗುಂಯ್’ ಎಂದು ಕೆಲವು ಸೆಕೆಂಡ್ ಗೊಣಗಿ, ‘ಟಕ್’ ಎಂದು ನಿಂತು, ಕೆಲವು ನಿಮಿಷ ಬಿಟ್ಟು ಮತ್ತೆ ಅದೇ ಮಾಡಿದರೆ: ಕಂಪ್ರೆಸರ್ ಏಳಲು ಒದ್ದಾಡುತ್ತಿದೆ, ಓವರ್‌ಲೋಡ್ ಎಂಬ ರಕ್ಷಕ ಸ್ವಿಚ್ ಅದು ಸುಟ್ಟುಹೋಗದಂತೆ ಕರೆಂಟ್ ಕಡಿಯುತ್ತಿದೆ. ವೋಲ್ಟೇಜ್ ಸರಿಯಿದ್ದರೆ ಮೊದಲ ಅನುಮಾನ ರಿಲೇ ಮೇಲೆ. ಪ್ಲಗ್ ತೆಗೆದು, ಕಂಪ್ರೆಸರ್ ಪಕ್ಕದ ಪ್ಲಾಸ್ಟಿಕ್ ಮುಚ್ಚಳ ಬಿಚ್ಚಿ, ಪಿನ್‌ಗಳ ಮೇಲೆ ಕೂತ ಚಿಕ್ಕ ರಿಲೇಯನ್ನು ನೇರಕ್ಕೆ ಎಳೆದು ಕಿವಿಯ ಹತ್ತಿರ ಅಲ್ಲಾಡಿಸಿ. ಗಲಗಲ ಎಂದರೆ ಒಳಗಿನ ಬಿಲ್ಲೆ ಒಡೆದಿದೆ, ಬದಲಿಸಿ. ಕಂಪ್ರೆಸರ್‌ನ ಮೂರು ಪಿನ್‌ಗಳ ನಡುವೆ ಓಮ್ ಅಳೆದರೆ ಮೂರು ಸಂಖ್ಯೆ ಬರುತ್ತವೆ. ದೊಡ್ಡದು ಉಳಿದೆರಡರ ಮೊತ್ತಕ್ಕೆ ಸಮನಾಗಿರಬೇಕು, ಉದಾಹರಣೆಗೆ 15, 25, 40. ಯಾವುದೇ ಪಿನ್‌ನಿಂದ ಕಂಪ್ರೆಸರ್ ಮೈಗೆ ಮೀಟರ್ ಏನೂ ತೋರಿಸಬಾರದು. ತೋರಿಸಿದರೆ ಕಂಪ್ರೆಸರ್ ಮುಗಿದಿದೆ, ಶಾಕ್ ಕೂಡ ಹೊಡೆಯುತ್ತದೆ, ಮತ್ತೆ ಪ್ಲಗ್ ಹಾಕಬೇಡಿ.

ವೇಗ ಬದಲಿಸಿಕೊಂಡು ಓಡುವ ಹೊಸ ಬಗೆಯ ಇನ್ವರ್ಟರ್ ಕಂಪ್ರೆಸರ್‌ಗೆ ಈ ಲೆಕ್ಕ ನಡೆಯದು. ಅದರಲ್ಲಿ ಮೂರೂ ಅಳತೆ ಸಮನಾಗಿರಬೇಕು, ಈ ರಿಲೇಯೂ ಇರುವುದಿಲ್ಲ. ಅದರ ಬೋರ್ಡ್ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಅದರ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ಗೂ ಹೆಚ್ಚು ಡಿಸಿ ಸ್ವಲ್ಪ ಹೊತ್ತು ಉಳಿದಿರುತ್ತದೆ.

ನಿಲ್ಲದೆ ಓಡುತ್ತಿದೆ, ಆದರೂ ತಂಪಿಲ್ಲ: ಕಂಪ್ರೆಸರ್‌ನ ಕರೆಂಟ್ ಬದಿಯಲ್ಲಿ ದೋಷವಿಲ್ಲ. ಐಸ್, ಗಾಳಿ ಅಥವಾ ಗ್ಯಾಸ್. ಮುಂದೆ ಓದಿ.

ಡೈರೆಕ್ಟ್ ಕೂಲ್‌ನ ಐಸ್

ಅರ್ಧ ಸೆಂಟಿಮೀಟರ್ ದಾಟಿದ ಐಸ್ ತಂಪನ್ನು ಹೊರಗೆ ಬಿಡದ ಕಂಬಳಿಯಾಗುತ್ತದೆ. ಫ್ರಿಡ್ಜ್‌ನಲ್ಲಿ ಐಸ್ ತುಂಬಿದೆ, ಆದ್ದರಿಂದ ಚೆನ್ನಾಗಿ ಓಡುತ್ತಿದೆ ಎಂದುಕೊಳ್ಳುವುದು ತಪ್ಪು. ಗುಬುಟಿನ ನಡುವಿನ ಬಟನ್ ಒತ್ತಿ ಡಿಫ್ರಾಸ್ಟ್ ಮಾಡಿ, ಎಂದರೆ ಐಸ್ ಕರಗಿಸಿ. ಬಹಳ ಕಟ್ಟಿದ್ದರೆ ಪ್ಲಗ್ ತೆಗೆದು, ಬಿಸಿನೀರಿನ ಪಾತ್ರೆಯೊಂದನ್ನು ಫ್ರೀಜರ್‌ನಲ್ಲಿ ದಪ್ಪ ಬಟ್ಟೆಯ ಮೇಲಿಟ್ಟು ಬಾಗಿಲು ತೆರೆದಿಡಿ. ಕರಾವಳಿಯ ತೇವದ ಗಾಳಿಗೆ ಇದನ್ನು ಹದಿನೈದು ದಿನಕ್ಕೊಮ್ಮೆ ಮಾಡಬೇಕಾಗಬಹುದು.

ಚಾಕು, ಸ್ಕ್ರೂ ಡ್ರೈವರ್, ಸಟ್ಟುಗ ಯಾವುದನ್ನೂ ಹಾಕಿ ಕೀಳಬೇಡಿ. ಎರಡು ತೆಳು ಅಲ್ಯೂಮಿನಿಯಂ ಹಾಳೆಗಳ ನಡುವೆಯೇ ಗ್ಯಾಸ್ ಹರಿಯುವ ದಾರಿ ಇರುತ್ತದೆ. ಚಾಕುವಿನ ಮೊನೆ ತಾಗಿದರೆ ‘ಸುಸ್ಸ್’ ಎಂಬ ಸದ್ದು ಬಂದು ಗ್ಯಾಸ್ ಹೋಗುತ್ತದೆ. ಆ ತೂತಿಗೆ ಹಾಕಿದ ತೇಪೆ ಬಾಳುವುದು ಅಪರೂಪ. ಹಾಗೆ ಸದ್ದು ಕೇಳಿದರೆ ಬೆಂಕಿ ಕಡ್ಡಿ ಗೀರಬೇಡಿ, ಸ್ವಿಚ್ ಮುಟ್ಟಬೇಡಿ, ಕಿಟಕಿ ತೆರೆಯಿರಿ. ಈಗಿನ ಹೆಚ್ಚಿನ ಫ್ರಿಡ್ಜ್‌ಗಳಲ್ಲಿರುವ ಆರ್-600ಎ ಎಂದರೆ ಐಸೋಬ್ಯೂಟೇನ್, ಉರಿಯುವ ಗ್ಯಾಸ್. ಅಡುಗೆ ಗ್ಯಾಸ್‌ಗೆ ಬೆರೆಸುವ ವಾಸನೆ ಇದರಲ್ಲಿ ಇರುವುದಿಲ್ಲ, ಮೂಗು ಎಚ್ಚರಿಸುವುದಿಲ್ಲ.

ಫ್ರಾಸ್ಟ್ ಫ್ರೀ: ಹಲಗೆಯ ಹಿಂದೆ

ಫ್ರೀಜರ್‌ನಲ್ಲಿ ಐಸ್ ಆಗುತ್ತಿದೆ, ಕೆಳಗೆ ಬೆಚ್ಚಗಿದೆ. ಡಬಲ್ ಡೋರ್‌ನ ಅತಿ ಸಾಮಾನ್ಯ ದೂರು ಇದು, ‘ಗ್ಯಾಸ್ ಹೋಗಿದೆ’ ಎಂದು ಅತಿ ಹೆಚ್ಚು ತಪ್ಪು ತೀರ್ಪು ಬೀಳುವುದೂ ಇಲ್ಲಿಯೇ.

ಮೊದಲು ಫ್ಯಾನ್. ಕಂಪ್ರೆಸರ್ ಓಡುತ್ತಿರುವಾಗ ಫ್ರೀಜರ್ ಬಾಗಿಲು ತೆರೆದು, ಚೌಕಟ್ಟಿನಲ್ಲಿರುವ ಬಾಗಿಲ ಸ್ವಿಚ್ಚನ್ನು ಬೆರಳಿನಿಂದ ಒತ್ತಿ ಹಿಡಿಯಿರಿ. ಕಿಂಡಿಯಿಂದ ಗಾಳಿ ಬರಬೇಕು. ಕೆಲವು ಮಾದರಿಗಳಲ್ಲಿ ಫ್ಯಾನ್ ಕೆಲವು ನಿಮಿಷ ತಡವಾಗಿ ಏಳುತ್ತದೆ, ಕಾಯಿರಿ. ಗಾಳಿಯೇ ಇಲ್ಲದಿದ್ದರೆ ಫ್ಯಾನ್, ಸ್ವಿಚ್ ಅಥವಾ ಬೋರ್ಡ್. ಕರಕರ ಸದ್ದು ಬಂದರೆ ರೆಕ್ಕೆಗೆ ಐಸ್ ತಾಗುತ್ತಿದೆ.

ಆಮೇಲೆ ಹಲಗೆ. ಎರಡು ಮೂರು ಗಂಟೆ ಓಡಿದ ಫ್ರಿಡ್ಜ್‌ನ ಪ್ಲಗ್ ತೆಗೆದು, ಫ್ರೀಜರ್ ಖಾಲಿ ಮಾಡಿ, ಹಿಂಬದಿ ಹಲಗೆಯ ಸ್ಕ್ರೂ ಬಿಚ್ಚಿ. ಸ್ಕ್ರೂ ಮೇಲೆ ಚಿಕ್ಕ ಬಿಳಿ ಮುಚ್ಚಳಗಳಿರುತ್ತವೆ. ಹಲಗೆ ಬರದಿದ್ದರೆ ಬಲ ಹಾಕಬೇಡಿ, ಹಿಂದಿನ ಐಸ್ ಅದನ್ನು ಹಿಡಿದಿದೆ. ಕಾಯಿಲ್ ಕಂಡ ಕೂಡಲೇ ಮೊಬೈಲ್‌ನಲ್ಲಿ ಫೋಟೋ ತೆಗೆಯಿರಿ, ಏಕೆಂದರೆ ಐದು ನಿಮಿಷದಲ್ಲಿ ಕರಗುವ ಆ ಹಿಮದ ಆಕಾರದಲ್ಲೇ ಉತ್ತರವಿದೆ.

ಕಾಯಿಲ್‌ನ ಮೇಲಿಂದ ಕೆಳಗಿನವರೆಗೂ ರಂಗೋಲಿ ಪುಡಿ ಉದುರಿಸಿದಂತೆ ತೆಳುವಾದ ಬಿಳಿ ಹಿಮ ಒಂದೇ ಸಮ ಇದ್ದರೆ ಗ್ಯಾಸ್ ಪೂರ್ತಿಯಿದೆ. ಫ್ಯಾನ್ ಅಥವಾ ಕೆಳಗಿನ ಗಾಳಿಯ ಕಿಂಡಿ ನೋಡಿ. ರೆಕ್ಕೆಗಳ ಸಂದಿಯೇ ಕಾಣದಂತೆ ಗಟ್ಟಿ ಐಸ್ ಗೋಡೆಯಾಗಿದ್ದರೆ, ಕಟ್ಟಿದ ಹಿಮವನ್ನು ತಾನೇ ಕರಗಿಸುವ ಡಿಫ್ರಾಸ್ಟ್ ನಡೆಯುತ್ತಿಲ್ಲ. ಒಂದು ಮೂಲೆಯ ಎರಡು ಮೂರು ಸುತ್ತಿನ ಮೇಲಷ್ಟೇ ಹಿಮವಿದ್ದು ಉಳಿದದ್ದೆಲ್ಲ ಬರಿದಾಗಿದ್ದರೆ ಗ್ಯಾಸ್ ಕಡಿಮೆ, ಇಲ್ಲವೇ ಕೊಳವೆ ಅರ್ಧ ಕಟ್ಟಿದೆ. ಕಂಪ್ರೆಸರ್ ಓಡಿಯೂ ಎಲ್ಲೂ ಹಿಮವೇ ಇಲ್ಲದಿದ್ದರೆ ಗ್ಯಾಸ್ ಪೂರ್ತಿ ಹೋಗಿದೆ, ಕೊಳವೆ ಪೂರ್ತಿ ಕಟ್ಟಿದೆ, ಅಥವಾ ಕಂಪ್ರೆಸರ್ ಒತ್ತಡ ಕೊಡುತ್ತಿಲ್ಲ.

ಹಲಗೆ ಬಿಚ್ಚಲು ಅಂಜಿಕೆಯಾದರೆ ಇನ್ನೊಂದು ದಾರಿ ಇದೆ. ಎಲ್ಲ ಖಾಲಿ ಮಾಡಿ, ಪ್ಲಗ್ ತೆಗೆದು, ಎರಡೂ ಬಾಗಿಲು ತೆರೆದು 24 ಗಂಟೆ ಬಿಡಿ. ನೆಲಕ್ಕೆ ಹಳೆಯ ಟವಲ್ ಹಾಸಿ. ಮತ್ತೆ ಹಾಕಿದಾಗ ಎಂಟು ಹತ್ತು ದಿನ ಚೆನ್ನಾಗಿ ನಡೆದು ಮತ್ತೆ ಹಳೇ ಕಥೆಯಾದರೆ ಡಿಫ್ರಾಸ್ಟ್ ಭಾಗ ಕೆಟ್ಟಿರುವುದು ಬಹುಮಟ್ಟಿಗೆ ಖಚಿತ. ಗ್ಯಾಸ್ ಇಲ್ಲದ ಫ್ರಿಡ್ಜ್ ಹತ್ತು ದಿನ ಚೆನ್ನಾಗಿ ನಡೆಯುವುದಿಲ್ಲ.

ಡಿಫ್ರಾಸ್ಟ್‌ನಲ್ಲಿ ನೋಡುವ ಭಾಗಗಳು ನಾಲ್ಕು. ಮೊದಲನೆಯದು ಹೀಟರ್, ಅದು ಕಾಯಿಲ್‌ನ ಕೆಳಗಿರುತ್ತದೆ. 150 ವಾಟ್‌ನ ಹೀಟರ್ ಸುಮಾರು 350 ಓಮ್ ತೋರಿಸಬೇಕು, ಏನೂ ತೋರಿಸದಿದ್ದರೆ ಕಡಿದಿದೆ. ಎರಡನೆಯದು ಬೈಮೆಟಲ್, ಕಾಯಿಲ್‌ನ ಪೈಪಿಗೆ ಕ್ಲಿಪ್ ಆಗಿರುವ, ತಾಪ ನೋಡಿ ಹೀಟರನ್ನು ಆನ್ ಆಫ್ ಮಾಡುವ ಬಿಲ್ಲೆ. ಇದನ್ನು ಕೋಣೆಯ ತಾಪದಲ್ಲಿ ಪರೀಕ್ಷಿಸಿ ‘ಕೆಟ್ಟಿದೆ’ ಎಂದು ಎಸೆಯುವ ತಪ್ಪು ಬಹಳ ನಡೆಯುತ್ತದೆ. ಅದು ಚೆನ್ನಾಗಿ ತಣ್ಣಗಾದಾಗಷ್ಟೇ ಕೂಡಿಕೊಳ್ಳುತ್ತದೆ, ಬೆಚ್ಚಗಾದರೆ ಬಿಡುತ್ತದೆ. ಕೆಲಸ ಮಾಡುತ್ತಿರುವ ಬೇರೊಂದು ಫ್ರೀಜರ್‌ನಲ್ಲಿ ಒಂದು ಗಂಟೆ ಇಟ್ಟು, ತೆಗೆದ ಕೂಡಲೇ ಅಳೆಯಿರಿ. ಮೂರನೆಯದು ಥರ್ಮಲ್ ಫ್ಯೂಸ್. ಇದು ಕೋಣೆಯ ತಾಪದಲ್ಲೂ ‘ಬೀಪ್’ ಎನ್ನಬೇಕು. ಹೋಗಿದ್ದರೆ ತಂತಿ ಸೇರಿಸಿ ಬೈಪಾಸ್ ಮಾಡಲು ಯಾರಿಗೂ ಬಿಡಬೇಡಿ. ಬೈಮೆಟಲ್ ಅಂಟಿಕೊಂಡು ಹೀಟರ್ ಕಾಯುತ್ತಲೇ ಹೋದಾಗ ಪ್ಲಾಸ್ಟಿಕ್ ಹತ್ತಿ ಉರಿಯದಂತೆ ಕಾಯುವುದು ಅದೊಂದೇ. ಫ್ಯೂಸ್ ಹೋಗಿದ್ದರೆ ಬೈಮೆಟಲ್ಲನ್ನೂ ಜೊತೆಗೇ ಬದಲಿಸಿ. ನಾಲ್ಕನೆಯದು ಇವನ್ನು ಹೊತ್ತಿಗೆ ಸರಿಯಾಗಿ ಓಡಿಸುವ ಟೈಮರ್ ಅಥವಾ ಬೋರ್ಡ್. ಮೊದಲ ಮೂರೂ ಸರಿಯಿದ್ದರೆ ಮಾತ್ರ ಅದರ ಕಡೆ ಹೋಗಿ.

ಹಲಗೆ ಮುಚ್ಚುವ ಮುನ್ನ ಕಾಯಿಲ್‌ನ ಕೆಳಗಿನ ತೂತಿಗೆ ಸೂಜಿ ತೆಗೆದ ಇಂಜೆಕ್ಷನ್ ಸಿರಿಂಜ್‌ನಿಂದ ಉಗುರುಬೆಚ್ಚಗಿನ ನೀರು ಬಿಡಿ. ಅದು ಹಿಂದೆ ಕಂಪ್ರೆಸರ್ ಮೇಲಿನ ತಟ್ಟೆಗೆ ಬಂದು ಬೀಳಬೇಕು. ಬರದಿದ್ದರೆ ಕರಗಿದ ನೀರು ಅಲ್ಲೇ ನಿಂತು ಮತ್ತೆ ಐಸ್ ಆಗುತ್ತದೆ, ಹೊಸ ಹೀಟರ್ ಹಾಕಿಯೂ ಪ್ರಯೋಜನವಿಲ್ಲ. ತರಕಾರಿ ಟ್ರೇ ಕೆಳಗೆ ನೀರು ನಿಲ್ಲುವುದಕ್ಕೂ ಕಾರಣ ಹೀಗೆ ಕಟ್ಟಿದ ಪೈಪೇ.

ಗ್ಯಾಸ್ ನಿಜವಾಗಿಯೂ ಹೋಗಿದ್ದರೆ

ಸುಳಿವುಗಳು ಒಟ್ಟಾಗಿ ಬರಬೇಕು: ಕಂಪ್ರೆಸರ್ ನಿಲ್ಲದೆ ಓಡುತ್ತದೆ, ಪಕ್ಕದ ಗೋಡೆ ಅಥವಾ ಹಿಂದಿನ ಜಾಲರಿ ಬೆಚ್ಚಗೂ ಆಗುವುದಿಲ್ಲ, ಹಿಮ ಒಂದು ಮೂಲೆಗಷ್ಟೇ ಇರುತ್ತದೆ, ಇಲ್ಲವೇ ಇರುವುದೇ ಇಲ್ಲ. ಕೊಳವೆಯ ಬೆಸುಗೆಯ ಬಳಿ ಎಣ್ಣೆಯ ಜಿಡ್ಡು ಕಂಡರೆ ಸೋರಿದ ಜಾಗವೂ ಸಿಕ್ಕಂತೆ.

ಇದು ಮನೆಯಲ್ಲಿ ಮಾಡುವ ಕೆಲಸವಲ್ಲ. ಆದರೆ ಮಾಡಲು ಬಂದವರು ಸರಿಯಾಗಿ ಮಾಡುತ್ತಿದ್ದಾರೆಯೇ ಎಂದು ನಿಂತು ನೋಡಬಹುದು, ನೋಡಬೇಕು. ಮೊದಲು ಸೋರಿದ ಜಾಗ ಹುಡುಕಿ ಮುಚ್ಚಬೇಕು. ಹುಡುಕದೆ ತುಂಬಿದ ಗ್ಯಾಸ್ ಅದೇ ತೂತಿನಿಂದ ಹೋಗುತ್ತದೆ. ಎರಡನೆಯದು, ಕಂಪ್ರೆಸರ್ ಬಳಿಯ ಬೆರಳುದ್ದದ ತಾಮ್ರದ ಫಿಲ್ಟರ್ ಹೊಸದಾಗಬೇಕು; ಹಳೆಯದು ತೇವ ಕುಡಿದಿರುತ್ತದೆ, ಆ ತೇವ ಕೂದಲೆಳೆಯಂಥ ಕ್ಯಾಪಿಲರಿ ಕೊಳವೆಯ ತುದಿಯಲ್ಲಿ ಐಸಾಗಿ ಕಟ್ಟುತ್ತದೆ. ಮೂರನೆಯದು, ವ್ಯಾಕ್ಯೂಮ್ ಪಂಪ್ ಕನಿಷ್ಠ ಅರ್ಧ ಗಂಟೆ ಓಡಬೇಕು. ಫ್ರಿಡ್ಜ್‌ನ ಕಂಪ್ರೆಸರ್‌ನಿಂದಲೇ ಗಾಳಿ ಎಳೆದರೆ ಸಾಕು ಎನ್ನುವವರನ್ನು ಒಪ್ಪಬೇಡಿ. ನಾಲ್ಕನೆಯದು ತೂಕ. ಹಿಂಬದಿಯ ಚೀಟಿಯಲ್ಲಿ ಗ್ಯಾಸ್‌ನ ಹೆಸರೂ ಗ್ರಾಂ ಲೆಕ್ಕವೂ ಇರುತ್ತದೆ. ಆರ್-600ಎ ಆದರೆ ಮನೆಯ ಫ್ರಿಡ್ಜ್‌ಗೆ ಹತ್ತಾರು ಗ್ರಾಂ ಅಷ್ಟೇ. ಇಷ್ಟು ಚಿಕ್ಕ ಅಳತೆಯನ್ನು ತಕ್ಕಡಿಯಿಲ್ಲದೆ ಅಂದಾಜಿನಲ್ಲಿ ತುಂಬಿದರೆ ಹೆಚ್ಚೂ ತಪ್ಪು, ಕಡಿಮೆಯೂ ತಪ್ಪು. ಹೆಚ್ಚಾದರೆ ಕಂಪ್ರೆಸರ್‌ಗೆ ಮರಳುವ ದಪ್ಪ ಪೈಪ್ ಹೊರಗೇ ಹಿಮಗಟ್ಟಿ ಬೆವರುತ್ತದೆ. ಆರ್-134ಎ ಎಂಬ ಬೇರೆ ಗ್ಯಾಸ್ ಇದ್ದ ಫ್ರಿಡ್ಜ್‌ಗೆ ‘ಇದೂ ನಡೆಯುತ್ತೆ’ ಎಂದು 600ಎ ಹಾಕಲು ಬಿಡಬೇಡಿ. ಒಳಗೆ 600ಎ ಉಳಿದಿರುವಾಗ ಬೆಸುಗೆಯ ಜ್ವಾಲೆ ಹತ್ತಿರ ಬರಲೇಬಾರದು.

ಸೋರಿದ್ದು ಗೋಡೆಯ ಫೋಮ್ ಒಳಗಿನ ಕೊಳವೆಯಾಗಿದ್ದು ಫ್ರಿಡ್ಜ್‌ಗೆ ಹನ್ನೆರಡು ವರ್ಷ ದಾಟಿದ್ದರೆ ಆ ದುಡ್ಡನ್ನು ಹೊಸದಕ್ಕೆ ಹಾಕುವುದೇ ಒಳಿತು. ಕಂಪ್ರೆಸರ್‌ಗೆ 10 ವರ್ಷ ವಾರಂಟಿ ಇದ್ದರೂ ಕಾರ್ಡನ್ನು ಪೂರ್ತಿ ಓದಿ. ಗ್ಯಾಸ್, ಫಿಲ್ಟರ್, ಕೂಲಿ ಅದರಲ್ಲಿ ಸೇರಿರದೇ ಇರಬಹುದು.

ಮತ್ತೆ ಹಾಕುವಾಗ

ಮಲಗಿಸಿ ಸಾಗಿಸಿದ್ದರೆ ಕಂಪ್ರೆಸರ್ ಎಣ್ಣೆ ಕೆಳಗಿಳಿಯಲು ಒಂದು ದಿನ ನೆಟ್ಟಗೆ ನಿಲ್ಲಿಸಿ. ಆಫ್ ಮಾಡಿದ ಕೂಡಲೇ ಆನ್ ಮಾಡಬೇಡಿ. ಕೊಳವೆಯ ಒತ್ತಡ ಸಮವಾಗಲು ಐದು ನಿಮಿಷ ಬೇಕು. ಖಾಲಿ ಫ್ರಿಡ್ಜ್ ನಾಲ್ಕೈದು ಗಂಟೆ ಓಡಲಿ, ಆಮೇಲೆ ಸ್ವಲ್ಪಸ್ವಲ್ಪವಾಗಿ ತುಂಬಿ. ನೀರಿನ ಲೋಟ ಮತ್ತು ಥರ್ಮಾಮೀಟರ್ ಮಧ್ಯದ ತಟ್ಟೆಯಲ್ಲೇ ಇರಲಿ. ಪೂರ್ತಿ ತಾಪಕ್ಕೆ ಬರಲು 24 ಗಂಟೆ ಹಿಡಿಯಬಹುದು. ಮಾರನೇ ಬೆಳಿಗ್ಗೆ ಅದು 5 ಡಿಗ್ರಿಯ ಒಳಗೆ ಬಂದಿದ್ದರೆ ಹಾಲಿನ ಪ್ಯಾಕೆಟ್ ಒಳಗಿಡಿ. ಹತ್ತು ದಿನ ಬಿಟ್ಟು ಇನ್ನೊಮ್ಮೆ ಅಳೆಯಿರಿ, ಡಿಫ್ರಾಸ್ಟ್ ದೋಷ ಉಳಿದಿದ್ದರೆ ಅಷ್ಟರಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ.